ಪದ್ಮನಾಭನ ಖಾಲಿ ಮೇಜು

ಕಲ್ಲುಕುಂಟೆ ಪುರಸಭೆಯ ಗುಮಾಸ್ತ ಪದ್ಮನಾಭನ ಬಾಯಲ್ಲಿ ಒಂದು ಊನವಿತ್ತು. ಮೂವತ್ತೆರಡು ಹಲ್ಲೂ ನೆಟ್ಟಗಿದ್ದವು, ನಾಲಿಗೆಯೂ ಚುರುಕಾಗಿಯೇ ಇತ್ತು. ಆದರೆ "ಆಗಲ್ಲ" ಎನ್ನುವ ಮಾತೊಂದು ಮಾತ್ರ ಆ ಬಾಯಿಂದ ಹೊರಡುತ್ತಿರಲಿಲ್ಲ.

ಕೆಲಸಕ್ಕೆ ಸೇರಿದಾಗ ಅವನ ಪಾಲಿಗೆ ಬಂದದ್ದು ಮನೆ, ಸೈಟುಗಳ ಖಾತೆ ಬದಲಾವಣೆ ಒಂದೇ. ಅಂಗಡಿ ಲೈಸೆನ್ಸಿನ ಗುಮಾಸ್ತರು ನಿವೃತ್ತರಾದಾಗ, "ಹೊಸಬರು ಬರೋವರೆಗೂ ಸ್ವಲ್ಪ ನೋಡ್ಕೊಳಿ" ಅಂದರು. ನೋಡಿಕೊಂಡ. ಬೀದಿ ದೀಪದವರಿಗೆ ಬಡ್ತಿ ಸಿಕ್ಕಿತು. ಬೀದಿ ದೀಪ ಇವನಿಗೆ ಬಂತು. ಕೊಳವೆ ಬಾವಿ ನೋಡಿಕೊಳ್ಳುತ್ತಿದ್ದವರು ತಾವೇ ಒಂದು ಬೋರ್‌ವೆಲ್ ಲಾರಿ ಇಟ್ಟುಕೊಂಡು ರಾಜೀನಾಮೆ ಕೊಟ್ಟರು, ಅದೂ ಬಂತು. ಬೀದಿ ನಾಯಿಗಳು ಮಾತ್ರ ಯಾರ ಕಡೆಯಿಂದ ಬಂದವೆಂದು ಅವನಿಗೇ ನೆನಪಿಲ್ಲ. ಕೆಂಗೇರಿಯಿಂದಾಚೆಗೆ ಬಡಾವಣೆಯ ಮೇಲೆ ಬಡಾವಣೆ ಎದ್ದು ಊರು ಉಬ್ಬಿದ ಹಾಗೆಲ್ಲ ಕಚೇರಿಯ ಜನ ಕರಗುತ್ತಾ ಬಂದರು. ಹನ್ನೊಂದು ವರ್ಷದಲ್ಲಿ ಪದ್ಮನಾಭನ ಮೇಜಿನ ಮೇಲೆ ನಾನೂರ ಹನ್ನೆರಡು ಫೈಲು ಕೂತವು. ಎದುರಿಗೆ ನಿಂತವರಿಗೆ ಅವನ ಹಣೆಯಷ್ಟೇ ಕಾಣುತ್ತಿತ್ತು.

ಮನೆ ಇದ್ದದ್ದು ನಂದಿನಿ ಲೇಔಟಿನಲ್ಲಿ. ಬೆಳಗ್ಗೆ ಏಳೂ ಕಾಲಿಗೆ ಹೊರಟು, ಎರಡು ಬಸ್ಸು ಬದಲಾಯಿಸಿ ಕಚೇರಿ ಸೇರಬೇಕು. ವಾಪಸ್ಸು ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಎರಡನೇ ಕ್ಲಾಸಿನ ಆ ಹುಡುಗಿ ಸ್ಕೂಲಲ್ಲಿ 'ನಮ್ಮ ಮನೆ' ಅಂತ ಚಿತ್ರ ಬರೆದಾಗ ಅಮ್ಮನನ್ನು ಒಲೆಯ ಮುಂದೆ, ತನ್ನನ್ನು ಸೈಕಲ್ಲಿನ ಮೇಲೆ, ಅಪ್ಪನನ್ನು ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಲ್ಲಿಸಿದ್ದಳು. "ನಿಮ್ಮ ತಂದೆ ಕಂಡಕ್ಟರಾ?" ಎಂದು ಮಿಸ್ ಕೇಳಿದರಂತೆ. ಹೆಂಡತಿ ಅದನ್ನು ಹೇಳಿಕೊಂಡು ನಕ್ಕಳು. ಪದ್ಮನಾಭನಿಗೆ ನಗು ಬರಲಿಲ್ಲ. ಮಾರನೆಯ ದಿನವೇ ವರ್ಗಾವಣೆಗೆ ಅರ್ಜಿ ಹಾಕಿದ.

ದೇವರು ದೊಡ್ಡವನು. ರಾಜಾಜಿನಗರದ ವಾರ್ಡ್ ಕಚೇರಿಗೆ ಆರ್ಡರ್ ಬಂದೇ ಬಿಟ್ಟಿತು. ಮನೆಯಿಂದ ಒಂದೇ ಬಸ್ಸು, ಇಪ್ಪತ್ತು ನಿಮಿಷ. ಸಂಜೆ ಆರಕ್ಕೆಲ್ಲ ಮಗಳ ಪಕ್ಕ ಕೂತು ಕಾಫಿ ಕುಡಿಯಬಹುದು. ಆದರೆ ಆರ್ಡರಿನ ಕೊನೆಯಲ್ಲಿ ಎರಡು ಸಾಲಿದ್ದವು: ಬದಲಿ ನೌಕರರು ಚಾರ್ಜ್ ವಹಿಸಿಕೊಂಡ ನಂತರವೇ ಇವರನ್ನು ಬಿಡುಗಡೆ ಮಾಡತಕ್ಕದ್ದು, ಜೂನ್ ಮೂವತ್ತರೊಳಗೆ ಆಗದಿದ್ದರೆ ಆದೇಶ ತಾನಾಗಿಯೇ ರದ್ದು.

ಬದಲಿ ನೌಕರರು ಬಂದರು. ಬರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಮೊದಲನೆಯವರು ಮೇಜಿನ ಕಡೆ ನೋಡಿ, ಟಾಯ್ಲೆಟ್ ಎಲ್ಲಿದೆ ಎಂದು ಕೇಳಿ ಹೋದವರು ಇನ್ನೂ ಹಿಂದಿರುಗಿಲ್ಲ. ಎರಡನೆಯವರಿಗೆ ಟೀ ಕುಡಿಯುತ್ತಿದ್ದ ಹಾಗೆಯೇ ಎದೆ ನೋವು ಬಂತು. ಈಗ ಮೂರನೆಯವನು ಬರಬೇಕಿತ್ತು. ಬರುವ ದಿನ ಜೂನ್ ಮೂವತ್ತು, ಎರಡು ಸಾವಿರದ ಐದನೇ ಇಸವಿ. ಅದೇ ದಿನ ಕಚೇರಿಗೆ ಇನ್ನೊಬ್ಬರೂ ಬರುವವರಿದ್ದರು.

ಆ ಇನ್ನೊಬ್ಬರ ಹೆಸರು ದಿವ್ಯ. ಯಾವುದೋ ಸಲಹೆ ಕೊಡುವ ಕಂಪನಿಯ ಹುಡುಗಿ. ಪುರಸಭೆಯಲ್ಲಿ ಯಾವ ಮೇಜಿಗೆ ಎಷ್ಟು ಕೆಲಸ, ಯಾರಿಗೆ ಯಾವ ತರಬೇತಿ ಬೇಕು, ಯಾವ ಹುದ್ದೆ ಉಳಿಯಬೇಕು, ಯಾವುದನ್ನು ತೆಗೆಯಬೇಕು ಎಂದು ನೋಡಿ ವರದಿ ಕೊಡುವುದು ಅವಳ ಕೆಲಸ. 'ಸಿಬ್ಬಂದಿ ಅಗತ್ಯ ಸಮೀಕ್ಷೆ' ಎಂಬ ಸುತ್ತೋಲೆ ಬಂದು ವಾರವಾಗಿತ್ತು. ಅದರಲ್ಲಿ ಉಳಿದದ್ದನ್ನು ಯಾರೂ ಓದಲಿಲ್ಲ. 'ಹುದ್ದೆ ತೆಗೆಯುವುದು' ಎನ್ನುವಷ್ಟನ್ನು ಎಲ್ಲರೂ ಎರಡೆರಡು ಸಲ ಓದಿದರು.

ಹಾಗಾಗಿ ಮೂವತ್ತನೆಯ ತಾರೀಕು ಪದ್ಮನಾಭ ಕಚೇರಿಗೆ ಬಂದಾಗ ಮ್ಯಾನೇಜರ್ ಹನುಮಂತಯ್ಯನವರು ಅವನಿಗಿಂತ ಮೊದಲೇ ಬಂದು ಅವನ ಮೇಜಿನ ಹತ್ತಿರ ಸುಳಿದಾಡುತ್ತಿದ್ದರು. ನಿವೃತ್ತಿಗೆ ಎಂಟು ತಿಂಗಳಿದ್ದ ಅವರ ಮೇಜಿನ ಮೇಲೆ ಒಂದು ಪೇಪರು, ಒಂದು ಎಲೆ ಅಡಿಕೆ ಡಬ್ಬಿ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

"ಪದ್ಮನಾಭ, ಒಂದು ಎಂಬತ್ತು ಫೈಲು ಕೈಗಡ ಕೊಡಯ್ಯ. ಸಂಜೆ ವಾಪಸ್ ಕೊಡ್ತೀನಿ."

"ಫೈಲನ್ನಾ ಸಾರ್?"

"ಆ ಹುಡುಗಿ ಬಂದು ನನ್ನ ಟೇಬಲ್ ನೋಡಿದ್ರೆ ಎಂಟು ತಿಂಗಳು ಮುಂಚೇನೇ ಹಾರ ಹಾಕಿ ಕಳಿಸ್ತಾರೆ ಕಣಯ್ಯ. ಕೊಡು ಕೊಡು, ಲೈಸೆನ್ಸ್ ಫೈಲೇ ಕೊಡು, ದಪ್ಪಗಿರ್ತವೆ."

ಪದ್ಮನಾಭನ ತಲೆಯಲ್ಲಿ ದೀಪ ಹತ್ತಿತು. ಇಡೀ ಊರಿನ ಬೀದಿ ದೀಪದ ಫೈಲು ಇಟ್ಟುಕೊಂಡವನ ತಲೆಯಲ್ಲಿ ಅಷ್ಟೂ ಹತ್ತದಿದ್ದರೆ ಹೇಗೆ? ಬರುವವನು ಓಡಿ ಹೋಗುವುದು ಈ ಗುಡ್ಡವನ್ನು ಕಂಡು. ಗುಡ್ಡವೇ ಇಲ್ಲದಿದ್ದರೆ?

"ಎಂಬತ್ತು ಯಾಕೆ ಸಾರ್, ನೂರೈವತ್ತು ತಗೊಳಿ."

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಜನನ ಮರಣ ನೋಂದಣಿಯ ಅಂಬುಜಾ ಬಂದು, "ರೀ ಪದ್ಮನಾಭ್, ಅವರಿಗೆ ಮಾತ್ರ ಕೊಟ್ರೆ ಹೇಗ್ರೀ? ಈ ತಿಂಗಳು ಊರಲ್ಲಿ ಹುಟ್ಟೋರೂ ಕಡಿಮೆ, ಸಾಯೋರೂ ಕಡಿಮೆ" ಎಂದು ಖಾತೆ ಫೈಲುಗಳಲ್ಲಿ ನೂರೆಂಬತ್ತು ಹೊರಿಸಿಕೊಂಡು ಹೋದಳು. ಅವನ್ನು ಹೊತ್ತು ಹಾಕಿ ಬಂದ ಅಟೆಂಡರ್ ವೆಂಕಟಲಕ್ಷ್ಮಮ್ಮ ಸೊಂಟ ಹಿಡಿದುಕೊಂಡು, "ಸಾ, ಎಲ್ರಿಗೂ ಹೊತ್ತಾಕಿದೀನಿ, ನನ್ ಸ್ಟೂಲಿಗೂ ಒಂದೀಟು ಇರ್ಲಿ ಸಾ. ನಂದೂ ಪೋಸ್ಟೇ ಅಲ್ವಾ?" ಎಂದಳು. ಬೀದಿ ನಾಯಿ, ಕೊಳವೆ ಬಾವಿ, ಬೀದಿ ದೀಪ ಅವಳ ಸ್ಟೂಲಿನ ಪಕ್ಕಕ್ಕೆ ಹೋದವು.

ಹತ್ತೂವರೆಗೆ ಪದ್ಮನಾಭ ತನ್ನ ಮೇಜಿನ ಬಣ್ಣವನ್ನು ಮೊದಲ ಸಲ ಕಂಡ. ಹಸಿರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಪೆನ್ನು, ಒಂದು ಲೋಟ ನೀರು ಇಟ್ಟು, ಎರಡೂ ಕೈ ಚಾಚಿ ಕೂತ. ಎದುರಿನ ಗೋಡೆ ಪೂರ್ತಿಯಾಗಿ ಕಾಣುತ್ತಿತ್ತು. ಅಲ್ಲಿ ಒಂದು ಗಡಿಯಾರ ಇರುವುದು ಅವನಿಗೆ ಗೊತ್ತೇ ಇರಲಿಲ್ಲ.

ಆಗ ಹನುಮಂತಯ್ಯನವರು ನೂರೈವತ್ತು ಫೈಲಿನ ಮರೆಯಿಂದ ಕತ್ತು ಎತ್ತಿ, "ಅಲ್ಲ ಕಣಯ್ಯ, ನಿನ್ನ ಟೇಬಲ್ ಖಾಲಿ ನೋಡಿದ್ರೆ ಆ ಹುಡುಗಿ ನಿನ್ನ ಹುದ್ದೇನೇ ತೆಗೆದು ಹಾಕ್ತಾಳಲ್ಲ?" ಎಂದರು.

"ತೆಗೀಲಿ ಬಿಡಿ ಸಾರ್, ನಾನು ರಾಜಾಜಿನಗರದಲ್ಲಿರ್ತೀನಿ."

"ಹುದ್ದೇನೇ ಇಲ್ಲ ಅಂದ್ಮೇಲೆ ಬರೋನು ಯಾವುದರ ಚಾರ್ಜ್ ತಗೋತಾನೆ? ಅವನು ತಗೊಳ್ದೆ ನೀನು ಹೇಗೆ ಹೋಗ್ತೀಯ?"

ಪದ್ಮನಾಭನ ಚಾಚಿದ ಕೈ ಹಿಂದಕ್ಕೆ ಬಂತು. "ಹಂಗಾದ್ರೆ ಒಂದು ಇಪ್ಪತ್ತು ಫೈಲು ವಾಪಸ್ ಕೊಡಿ ಸಾರ್."

"ಸಂಜೆ ಅಂತ ಹೇಳಿದೀನಲ್ಲ" ಎಂದು ಮ್ಯಾನೇಜರು ಮರೆಗೆ ಸರಿದರು. ಅಂಬುಜಾ ಈ ಕಡೆ ನೋಡಲೇ ಇಲ್ಲ. ವೆಂಕಟಲಕ್ಷ್ಮಮ್ಮ ನಾಯಿ ಫೈಲುಗಳ ಮೇಲೆ ಕೂತೇ ಬಿಟ್ಟಿದ್ದಳು.

ಈಗ ಉಳಿದದ್ದು ಒಂದೇ ದಾರಿ. ದಿವ್ಯ ತನ್ನ ಮೇಜಿಗೆ ಬರುವ ಮೊದಲು ಬದಲಿ ನೌಕರನಿಂದ ಚಾರ್ಜ್ ಲಿಸ್ಟಿಗೆ ಸಹಿ ಹಾಕಿಸಿ, ಮುಖ್ಯಾಧಿಕಾರಿ ಜಯದೇವಿ ಮೇಡಂ ಹತ್ತಿರ ಇನ್ನೊಂದು ಸಹಿ ಹಾಕಿಸಿ, ಬಸ್ಸು ಹತ್ತಿಬಿಡಬೇಕು.

ಇಬ್ಬರೂ ಒಟ್ಟೊಟ್ಟಿಗೇ ಬಂದರು. ದಿವ್ಯ ಲ್ಯಾಪ್‌ಟಾಪು, ಕತ್ತಿಗೆ ನೇತು ಹಾಕಿದ ಸ್ಟಾಪ್‌ವಾಚು ಹಿಡಿದುಕೊಂಡು ಅಂಬುಜಾಳ ಪಕ್ಕ ಕುರ್ಚಿ ಎಳೆದುಕೊಂಡಳು. ಇತ್ತ ಪದ್ಮನಾಭನ ಮುಂದೆ ದುಂಡು ಮುಖದ, ಹಣೆಗೆ ವಿಭೂತಿ ಹಚ್ಚಿದ ಮೂವತ್ತರ ಆಸುಪಾಸಿನವನೊಬ್ಬ ಕೈ ಮುಗಿದು ನಿಂತ.

"ನಮಸ್ಕಾರ್ರೀ. ನಾ ದುಂಡೇಶ ಅಂತ್ರಿ, ಬಾಗಲಕೋಟಿ ಕಡೆಯಾವ. ಚಾರ್ಜ್ ತಗೊಳ್ಳಾಕ ಬಂದೀನ್ರಿ." ಮೇಜಿನ ಕಡೆ ನೋಡಿದ. "ಇದ ಏನ್ರಿ ಟೇಬಲ್ಲಾ? ಖಾಲೀನ ಐತಲ್ರಿ!"

"ಬನ್ನಿ, ಕೂತ್ಕೊಳಿ. ನೀರು ಕುಡೀರಿ. ಇಲ್ಲಿ ಸೈನ್ ಮಾಡಿ."

ದುಂಡೇಶ ಅವಸರದ ಮನುಷ್ಯನಲ್ಲ. ಚಾರ್ಜ್ ಲಿಸ್ಟನ್ನು ಎತ್ತಿ ಮದುವೆ ಕಾಗದ ಓದುವ ಹಾಗೆ ಮೇಲಿನಿಂದ ಓದತೊಡಗಿದ. "ಮೇಜು ಒಂದು. ಐತ್ರಿ. ಕುರ್ಚಿ ಒಂದು. ಐತ್ರಿ. ಫೈಲುಗಳು: ಕಚೇರಿಯಲ್ಲಿ ಲಭ್ಯ... ಇದೇನ್ರಿ, ಎಲ್ಲಿ ಅದಾವು?"

"ಕಚೇರಿಯಲ್ಲೇ ಇವೆ" ಎಂದ ಪದ್ಮನಾಭ. ಸುಳ್ಳೇನಲ್ಲ. ಆದರೂ ಆ ದುಂಡು ಮುಖ ನೋಡುವಾಗ ಅವನಿಗೆ ಪಾಪ ಅನ್ನಿಸಿತು. ಕುರಿಗೆ ಸೊಪ್ಪು ತೋರಿಸಿದ ಹಾಗೆ ಖಾಲಿ ಮೇಜು ತೋರಿಸುತ್ತಿದ್ದೇನಲ್ಲ ಎಂದುಕೊಂಡ. ಕಳ್ಳ ಮನಸ್ಸು ತಕ್ಷಣ ಸಮಾಧಾನ ಹೇಳಿತು: ಇವನಿಗೂ ಮುಂದೆ ಯಾರಾದರೂ ಒಬ್ಬ ದುಂಡೇಶ ಸಿಗುತ್ತಾನೆ.

ಅಷ್ಟರಲ್ಲಿ ಕೋಲೂರಿಕೊಂಡು ಮುನಿತಾಯಮ್ಮ ಬಂದರು. ಹಳೆಯ ಕಲ್ಲುಕುಂಟೆಯವರು, ರಾಗಿ ಬೆಳೆಯುತ್ತಿದ್ದ ಹೊಲ ಈಗ ಸೈಟುಗಳಾಗಿ, ಒಂದು ಸೈಟಿನ ಖಾತೆಗಾಗಿ ಎಂಟು ತಿಂಗಳಿಂದ ಓಡಾಡುತ್ತಿದ್ದರು. ಖಾಲಿ ಮೇಜು ಕಂಡು ಕೋಲನ್ನು ನೆಲಕ್ಕೆ ಕುಟ್ಟಿದರು.

"ಅಯ್ಯೋ ನನ್ನಪ್ಪಾ! ಆ ಬೆಟ್ಟ ಎಲ್ಲೋಯ್ತು? ನನ್ ಫೈಲು ಅದ್ರೊಳಗಿತ್ತಲ್ಲೋ!"

"ಬೆಟ್ಟ ಯಾವ್ದ್ರಿ?" ದುಂಡೇಶ ತಲೆ ಎತ್ತಿದ.

ಪದ್ಮನಾಭ ಹಾರಿ ಎದ್ದು ಮುದುಕಿಯ ಭುಜ ಹಿಡಿದು ತಿರುಗಿಸಿದ. "ನಿಮ್ಮ ಫೈಲು ಅಂಬುಜಾ ಮೇಡಂ ಹತ್ರ ಇದೆ ಅಜ್ಜಿ, ಅಲ್ಲಿ ಹೋಗಿ ಕೇಳಿ."

ಮುನಿತಾಯಮ್ಮ ಅಂಬುಜಾಳ ಮೇಜಿನ ಮೇಲಿನ ಬೋರ್ಡು ಓದಿಸಿ ಕೇಳಿ, ಕಚೇರಿ ಹಾರಿ ಹೋಗುವ ಹಾಗೆ ಕೂಗಿದರು. "ಜನನ ಮರಣವಾ? ನಾನಿನ್ನೂ ಗುಂಡುಕಲ್ಲಂಗೆ ಇವ್ನಿ ಕಣಮ್ಮ! ನನ್ ಫೈಲು ಇಲ್ಯಾಕೆ ತಂದಾಕೊಂಡೆ?"

ದಿವ್ಯ ಸ್ಟಾಪ್‌ವಾಚಿನ ಗುಂಡಿ ಒತ್ತಿದಳು. "ಮೇಡಂ, ಈ ಕೇಸ್ ನೀವು ಹೇಗೆ ಮಾಡ್ತೀರಾ, ನಾನು ನೋಡ್ತೀನಿ."

ಅಂಬುಜಾಗೆ ಬೆವರು ಇಳಿಯಿತು. ಆದರೂ ಕೆಲಸ ಬಾರದವಳೇನಲ್ಲ, ಹಿಂದೆ ಖಾತೆಯಲ್ಲಿದ್ದವಳೇ. ಫೈಲು ಹುಡುಕಿ, ಪತ್ರ ನೋಡಿ, ಟಿಪ್ಪಣಿ ಬರೆದು ಸಹಿ ಹಾಕಿದಳು. ಎಂಟು ತಿಂಗಳ ಕೆಲಸ ಹದಿನಾಲ್ಕು ನಿಮಿಷದಲ್ಲಿ ಮುಗಿಯಿತು.

"ಈ ಫೈಲ್ ನಿಮ್ಮ ಹತ್ರ ಬರಬೇಕು ಅಂತ ತೀರ್ಮಾನ ಮಾಡಿದ್ದು ಯಾರು?" ದಿವ್ಯ ಕೇಳಿದಳು.

"ಪದ್ಮನಾಭ್" ಎಂದಳು ಅಂಬುಜಾ. ಆ ಹೆಸರು ಲ್ಯಾಪ್‌ಟಾಪಿಗೆ ಹೋಯಿತು.

ಮುನಿತಾಯಮ್ಮ ಆಚೆ ಹೋಗಿ ತಮ್ಮ ಕೆಲಸವಾಯಿತೆಂದು ಕಾಂಪೌಂಡಿನಲ್ಲಿ ಸಾರಿದರು. ಕೇಳಬೇಕೇ? ಜನ ನುಗ್ಗಿದರು. ಒಬ್ಬೊಬ್ಬರೂ ಪದ್ಮನಾಭನ ಮುಂದೆ ನಿಂತು ಫೈಲಿನ ಸುದ್ದಿ ಎತ್ತುವ ಮೊದಲೇ ಅವರ ಬಾಯಿ ಮುಚ್ಚಿಸಿ ಸಾಗ ಹಾಕಬೇಕಾಯಿತು. "ಅಂಗಡಿ ಲೈಸೆನ್ಸಾ? ಮ್ಯಾನೇಜರ್ ಹತ್ರ. ಖಾತೇನಾ? ಆ ಮೇಡಂ. ನಾಯಿ ಕಚ್ತಾ? ಬಾಗಿಲ ಹತ್ರ ವೆಂಕಟಲಕ್ಷ್ಮಮ್ಮನ್ನ ಕೇಳಿ." ಎಲೆ ಅಡಿಕೆ ಹಾಕಿಕೊಳ್ಳಲೂ ಪುರುಸೊತ್ತಿಲ್ಲದೆ ಹನುಮಂತಯ್ಯನವರು ಬರೆದೇ ಬರೆದರು. ವೆಂಕಟಲಕ್ಷ್ಮಮ್ಮ ಬೋರ್‌ವೆಲ್ ಮೆಕ್ಯಾನಿಕ್ಕಿಗೆ ತಾನೇ ಫೋನು ಮಾಡಿ ಬೈದಳು; ಆರು ತಿಂಗಳಿಂದ ಬಾರದವನು ಅರ್ಧ ಗಂಟೆಯಲ್ಲಿ ಬಂದ. ದಿವ್ಯ ಮೇಜಿನಿಂದ ಮೇಜಿಗೆ ಹೋಗಿ ಎಲ್ಲ ಬರೆದುಕೊಳ್ಳುತ್ತಿದ್ದಳು.

ದುಂಡೇಶ ಇದನ್ನೆಲ್ಲ ಬೆರಗಾಗಿ ನೋಡಿದ. "ಬರೇ ದಾರಿ ತೋರ್ಸೂದ ಅಷ್ಟ ಏನ್ರಿ ನಿಮ್ಮ ಕೆಲಸಾ?"

"ಹೆಚ್ಚು ಕಡಿಮೆ ಅಷ್ಟೇ. ಸೈನ್ ಮಾಡಿ."

ದುಂಡೇಶ ಪೆನ್ನು ತೆಗೆದ. ಮುಚ್ಚಳ ಬಿಚ್ಚಿದ. ಗಡಿಯಾರ ನೋಡಿದ. ಮುಚ್ಚಳ ಹಾಕಿದ.

"ಒಂದೂವರಿ ಆತ್ರಿ. ಗುರುವಾರ. ರಾಹುಕಾಲ ಚಾಲೂ ಆತು. ಮೂರರ ಮ್ಯಾಲ ಸಹಿ ಮಾಡ್ತೇನ್ರಿ."

"ಸ್ವಾಮಿ, ಸರ್ಕಾರಿ ಕೆಲಸಕ್ಕೆ ರಾಹುಕಾಲ ಎಲ್ಲಿದೆ?"

"ಹಂಗನಬ್ಯಾಡ್ರಿ. ಹಿಂದಿನ ಆಫೀಸ್ನ್ಯಾಗ ರಾಹುಕಾಲದಾಗ ಚಾರ್ಜ್ ತಗೊಂಡಿದ್ನಿ. ಏಳು ಮಂದಿ ಕೆಲಸ ನನ್ನ ಟೇಬಲ್ಲಿಗೇ ಬಂತು."

ಪದ್ಮನಾಭ ಗಡಿಯಾರದ ಕಡೆ ತಿರುಗಿ ಕೂತ. ಆ ಒಂದೂವರೆ ಗಂಟೆ ಅವನು ಬದುಕಿದ್ದೇ ಹೆಚ್ಚು. ದಿವ್ಯ ಅಂಬುಜಾಳನ್ನು ಮುಗಿಸಿದಾಗ ಅವಳಿಗೆ ಕಾಫಿ ತರಿಸಿದ. ಮ್ಯಾನೇಜರನ್ನು ಮುಗಿಸಿದಾಗ ಊಟಕ್ಕೆ ಎಬ್ಬಿಸಿದ. ಊಟ ಮುಗಿಸಿ ಬಂದಾಗ ರಿಪೇರಿಯಾದ ಬೋರ್‌ವೆಲ್ಲಿನ ನೀರು ನೋಡಿಕೊಂಡು ಬನ್ನಿ ಎಂದು ವೆಂಕಟಲಕ್ಷ್ಮಮ್ಮನ ಜೊತೆ ಹಿತ್ತಲಿಗೆ ಅಟ್ಟಿದ. ಅಲ್ಲಿಂದಲೂ ಅವಳು ಮೂರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ವಾಪಸ್ಸು ಬಂದು, ಸೀದಾ ಅವನ ಮೇಜಿನ ಮುಂದೆ ನಿಂತಳು. ಆ ಹಸಿರು ಬಯಲನ್ನು ನೋಡಿದಳು. ಅದರ ಮೇಲಿನ ಪೆನ್ನು ನೋಡಿದಳು, ಲೋಟ ನೋಡಿದಳು. ಜಯದೇವಿ ಮೇಡಂ ಕೋಣೆಗೆ ಹೋದಳು.

ಮೂರು ಹೊಡೆಯಿತು. ದುಂಡೇಶ ಮನೆದೇವರ ಹೆಸರು ಹೇಳಿ ದುಂಡಗೆ ಸಹಿ ಹಾಕಿದ. ಪದ್ಮನಾಭ ಹಾಳೆ ಕಿತ್ತುಕೊಂಡು ಓಡಿದ.

ಕೋಣೆಯಲ್ಲಿ ದಿವ್ಯ ಮಾತು ಶುರು ಮಾಡಿಯಾಗಿತ್ತು. "ಎಲ್ಲರ ಟೇಬಲ್ಲೂ ನೋಡಿದೆ ಮೇಡಂ. ಒಬ್ಬರ ಟೇಬಲ್ ಮೇಲೆ ಮಾತ್ರ ಒಂದೇ ಒಂದು ಫೈಲಿಲ್ಲ."

ಪದ್ಮನಾಭ ಬಾಗಿಲು ಹಿಡಿದುಕೊಂಡ. ಮುಗಿಯಿತು. ಹುದ್ದೆ ಹೋಯಿತು, ದುಂಡೇಶ ಹೋದ, ರಾಜಾಜಿನಗರ ಹೋಯಿತು.

"ಇಡೀ ಆಫೀಸಲ್ಲಿ ಕೆಲಸ ಗೊತ್ತಿರೋರು ಇವರೊಬ್ಬರೇ" ಎಂದಳು ದಿವ್ಯ, ಅವನ ಕಡೆ ತಿರುಗಿ. "ಬಾಕಿ ಸೊನ್ನೆ! ಯಾವ ಕೆಲಸ ಯಾರ ಕೈಲಿ ಬೇಗ ಆಗುತ್ತೆ ಅಂತ ಒಂದು ಕ್ಷಣದಲ್ಲಿ ಹೇಳ್ತಾರೆ. ಜನನ ಮರಣದವರ ಕೈಲಿ ಖಾತೆ ಮಾಡಿಸಿದಾರೆ. ಅಟೆಂಡರ್ ಕೈಲಿ ಬೋರ್‌ವೆಲ್ ರಿಪೇರಿ ಮಾಡಿಸಿದಾರೆ. ನಾವು ಮೂರು ವರ್ಷ ಟ್ರೇನಿಂಗ್ ಕೊಟ್ರೂ ಇಂಥ ಒಬ್ಬರನ್ನ ತಯಾರು ಮಾಡಕ್ಕಾಗಲ್ಲ."

ಪದ್ಮನಾಭನಿಗೆ ಈಗ ನಿಜವಾಗಿ ಭಯವಾಯಿತು. "ಮೇಡಂ, ತಪ್ಪು ತಿಳ್ಕೋಬೇಡಿ. ಅವರ ಟೇಬಲ್ ಮೇಲಿರೋದೆಲ್ಲ ನನ್ನ ಫೈಲೇ. ನಾನೂರ ಹನ್ನೆರಡೂ ನಂದೇ!"

ದಿವ್ಯಳ ಕಣ್ಣು ತೇವವಾಯಿತು. "ಕೇಳಿದ್ರಾ ಮೇಡಂ? ಬೇರೆಯವರ ಕೆಲಸಾನೂ ತಮ್ಮದೇ ಅಂತಾರೆ."

ಜಯದೇವಿ ಮೇಡಂಗೆ ಸತ್ಯ ತಿಳಿಯಲಿಲ್ಲವೆಂದಲ್ಲ. ಆ ಫೈಲುಗಳಲ್ಲಿ ಅರ್ಧವನ್ನು "ಸ್ವಲ್ಪ ನೋಡ್ಕೊಳಿ" ಎಂದು ಅವನ ಮೇಜಿಗೆ ಕಳಿಸಿದ್ದವರು ಅವರೇ. ಹನ್ನೊಂದು ವರ್ಷ ದುಡಿದ ಎತ್ತನ್ನು ಬೇರೆಯವರ ಕೊಟ್ಟಿಗೆಗೆ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ, ಬಿಡದಿರಲು ಈವರೆಗೆ ಕಾರಣವಿರಲಿಲ್ಲ. ಈಗ ಅದನ್ನು ತಜ್ಞರೇ ತಂದು ಕೊಟ್ಟಿದ್ದರು. ಅವರು ಪದ್ಮನಾಭ ಚಾಚಿದ ಹಾಳೆಯನ್ನು ಪ್ರೀತಿಯಿಂದ ತೆಗೆದುಕೊಂಡು, ನಾಲ್ಕಾಗಿ ಮಡಿಸಿ, ಡ್ರಾಯರಿಗೆ ಹಾಕಿದರು.

"ನಿಮ್ಮಂಥವರನ್ನ ಬಿಟ್ರೆ ಮೇಲಿನವರು ನನ್ನ ಬಿಡ್ತಾರಾ ಪದ್ಮನಾಭ್? ನಾಳೆಯಿಂದ ನೀವೇ ಎಲ್ಲರಿಗೂ ತರಬೇತಿ ಕೊಡಿ."

"ಇನ್ನೊಂದು ಮೇಡಂ" ಎಂದಳು ದಿವ್ಯ. "ಉಳಿದವರ ಟೇಬಲ್ ಮೇಲೆ ತುಂಬಾ ಭಾರ ಇದೆ, ಇವರದು ಖಾಲಿ. ಕೆಲಸ ಸಮನಾಗಿ ಹಂಚಬೇಕು. ಅವರ ಬಾಕಿ ಫೈಲು ಇವರಿಗೆ ಕೊಡಿ."

ಸಂಜೆ ನಾಲ್ಕೂವರೆಗೆ ಹನುಮಂತಯ್ಯನವರು ಮಾತಿಗೆ ತಪ್ಪದೆ ಫೈಲು ವಾಪಸ್ಸು ಕಳಿಸಿದರು. ಅದರ ಜೊತೆ ಬೀರುವಿನಲ್ಲಿ ಅವರೇ ಹುಗಿದಿಟ್ಟಿದ್ದ ಹಳೆಯ ಅರವತ್ತೂ ಬಂದವು. ಅಂಬುಜಾ ಜನನ ಮರಣದಲ್ಲಿ ತಕರಾರಿನವನ್ನೆಲ್ಲ ಸೇರಿಸಿ ಕಳಿಸಿ, "ಹುಷಾರು ರೀ, ಒಬ್ಬರು ಎರಡು ಸಲ ಸತ್ತಿದ್ದಾರೆ" ಎಂದಳು. ವೆಂಕಟಲಕ್ಷ್ಮಮ್ಮ ಹೊತ್ತು ಹೊತ್ತು ಹಾಕಿದಳು. ಐದು ಗಂಟೆಗೆ ಪದ್ಮನಾಭನ ಹಣೆಯೂ ಕಾಣದಾಯಿತು.

ಈಗ ದುಂಡೇಶನದೊಂದು ಪ್ರಶ್ನೆ ಉಳಿಯಿತು. ಹಿಂದಿನ ಕಚೇರಿಯಿಂದ ಬಿಡುಗಡೆಯಾಗಿ ಬಂದವನು, ಇಲ್ಲಿ ಜಾಗವಿಲ್ಲ. ಅತ್ತ ರಾಜಾಜಿನಗರದವರು ಇವತ್ತೇ ಒಬ್ಬ ಗುಮಾಸ್ತ ಬೇಕೆಂದು ಫೋನು ಮಾಡುತ್ತಿದ್ದರು. ಅವರಿಗೆ ಬೇಕಾದದ್ದು ಜನ, ಹೆಸರಲ್ಲ. ಜಯದೇವಿ ಮೇಡಂ ಐದು ನಿಮಿಷದಲ್ಲಿ ದುಂಡೇಶನ ಹೆಸರಿಗೆ ಪತ್ರ ಬರೆಸಿ, ಮೇಲಿನವರ ಒಪ್ಪಿಗೆಯನ್ನೂ ಫೋನಿನಲ್ಲೇ ಪಡೆದುಬಿಟ್ಟರು.

ಕಚೇರಿ ಬಿಟ್ಟ ಮೇಲೆ ಪದ್ಮನಾಭ, ದುಂಡೇಶ ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಪದ್ಮನಾಭನಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆನಿಸಿತು. ಆದರೆ ದುಂಡೇಶ ಪತ್ರವನ್ನು ಕೈಯಲ್ಲಿ ಹಿಡಿದು, ಜಾತ್ರೆಯಲ್ಲಿ ಕೈಬಿಟ್ಟು ಹೋದ ಮಗುವಿನ ಹಾಗೆ ನಿಂತಿದ್ದ.

"ಏನಾಯ್ತ್ರೀ? ಒಳ್ಳೆ ಜಾಗವೇ ಸಿಕ್ತಲ್ಲ ನಿಮಗೆ?"

"ಎಲ್ಲೀದ್ರಿ ಒಳ್ಳೇದು! ಈ ಆಫೀಸಿಗೆ ಹತ್ರ ಆಕ್ಕೈತಂತ ನಿನ್ನೇನ ಕೆಂಗೇರಿ ಉಪನಗರದಾಗ ಮನಿ ಹಿಡದು ಹಾಲು ಉಕ್ಕಿಸೇವ್ರಿ. ಮಗನ್ನ ಇಲ್ಲೇ ಸಾಲಿಗೆ ಹಚ್ಚೇನ್ರಿ. ಸಂಜೀಕೆ ದಿನಾ ಅವನ್ನ ಕರಕೊಂಡು ಅಡ್ಡಾಡಾಕ ಹೋಗೂಣು ಅಂತ ಮಾಡಿದ್ನಿ." ಕಣ್ಣು ಒರೆಸಿಕೊಂಡ. "ರಾಜಾಜಿನಗರಕ್ಕ ಇಲ್ಲಿಂದ ಹೆಂಗ ಹೋಗಬೇಕ್ರಿ?"

 ಪದ್ಮನಾಭ ಅವನ ಹೆಗಲ ಮೇಲೆ ಕೈ ಹಾಕಿದ.

"ಬೆಳಗ್ಗೆ ಏಳೂ ಕಾಲಿನ ಬಸ್ಸು ಹಿಡೀರಿ. ಬಲಗಡೆ ಕಿಟಕಿ ಹತ್ರ ಕೂತ್ಕೊಳಿ."

"ಬಲಗಡೇನ ಯಾಕ್ರಿ?"

"ಎಂಟು ಗಂಟೆಗೆ ವಿಜಯನಗರದ ಹತ್ರ ನನ್ನ ಬಸ್ಸು ಎದುರಿಗೆ ಬರುತ್ತೆ. ಕೈ ಮಾಡಬಹುದು."